ರಾಯಣ್ಣನ ನಡುಪಟ್ಟಿ

"ಮಾಮಾ, ರಾಯಣ್ಣನ ಪಾರ್ಟ್ ನಂದ ಐತಿ. ನಡಕ್ಕ ಕಟ್ಟಾಕ ಒಂದು ಪಟ್ಟಿ ಬೇಕು, ರೇಶ್ಮೀದು" ಅಂತ ನಂದಗಡದಿಂದ ಅಕ್ಕನ ಮಗ ಫೋನ್ ಮಾಡಿದ. ಜನವರಿ 26ರ ನಾಟಕ. ಬೇರೆ ಊರುಗಳಿಗೆ ಅದು ಗಣರಾಜ್ಯೋತ್ಸವ. ನಂದಗಡಕ್ಕೆ ರಾಯಣ್ಣನನ್ನು ತಮ್ಮೂರಲ್ಲೇ ಗಲ್ಲಿಗೇರಿಸಿದ ದಿನವೂ ಹೌದು. ಅದು 1831ರಲ್ಲಿ.

ಕೊಳ್ಳುವ ಬದಲು ನಾನೇ ನೇಯ್ದು ಉಡುಗೊರೆ ಕೊಡೋಣ ಅನ್ನಿಸಿತು. ಆದರೆ ರಾಯಣ್ಣ ನಿಜಕ್ಕೂ ನಡುವಿಗೆ ಏನು ಕಟ್ಟುತ್ತಿದ್ದ? ನಮ್ಮ ತಲೆಯಲ್ಲಿರುವ ರಾಯಣ್ಣ ಕ್ಯಾಲೆಂಡರು, ಪ್ರತಿಮೆ, 2012ರ ಸಿನಿಮಾದಿಂದ ಬಂದವನು. ಫೋಟೋ ಹುಡುಕೋಣ ಅಂದ್ರೆ, ಡಾಗೆರ್‌ನ ಫೋಟೋ ವಿಧಾನ ಲೋಕಕ್ಕೆ ಗೊತ್ತಾದದ್ದೇ 1839ರಲ್ಲಿ. ಆತ ಸಂಗೊಳ್ಳಿಯ ಶೇತಸನದಿ, ಅಂದರೆ ಊರು ಕಾಯುವ ಚಾಕರಿಗೆ ಪ್ರತಿಯಾಗಿ ಭೂಮಿ ಉಳುತ್ತಿದ್ದವನು. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಬ್ರಿಟಿಷರು ಆ ಭೂಮಿಗೂ ಕೈಹಾಕಿದರು. ಅಂಥವನ ನಡುವಲ್ಲಿ ದಿನಾ ರೇಷ್ಮೆ ಇತ್ತು ಅಂತ ನನಗಂತೂ ಅನ್ನಿಸಲ್ಲ. ಹಲವು ಸುತ್ತು ಸುತ್ತಿದ ಹತ್ತಿಯ ದಟ್ಟಿ ಇದ್ದಿರಬೇಕು.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. "ಹತ್ತೀದು ಸ್ಟೇಜ್ ಮ್ಯಾಲೆ ಮಿಂಚೂದಿಲ್ಲ ಮಾಮಾ" ಅಂದ. ಇತಿಹಾಸ ಅಲ್ಲಿಗೆ ಸೋತಿತು.

ಮಗ್ಗ ನನ್ನ ಹತ್ತಿರ ಇಲ್ಲ. ಹಾಗಾಗಿ ಬಿಲ್ಲೆ ನೇಯ್ಗೆ ಹಿಡಿದೆ. ಹಳೇ ಇಸ್ಪೀಟ್ ಎಲೆಗಳನ್ನು ಚೌಕಾಕಾರಕ್ಕೆ ಕತ್ತರಿಸಿ, ಮೂಲೆಗೊಂದು ತೂತು. 20 ಎಲೆ, 80 ಎಳೆ. ಹಾಸಿನ ಒಂದು ತುದಿ ಕಿಟಕಿ ಸರಳಿಗೆ, ಇನ್ನೊಂದು ನನ್ನ ಸೊಂಟಕ್ಕೆ. ಎಲೆಗಳನ್ನೆಲ್ಲ ಒಟ್ಟಿಗೆ ಕಾಲು ಸುತ್ತು ತಿರುಗಿಸಿದರೆ ಎಳೆಗಳ ನಡುವೆ ಬಾಯಿ ತೆರೆಯುತ್ತೆ, ಹೊಕ್ಕು ದಾಟಿಸಿ ಬಿಗಿಯಬೇಕು. ನಾಲ್ಕು ಸಲ ಮುಂದಕ್ಕೆ, ನಾಲ್ಕು ಸಲ ಹಿಂದಕ್ಕೆ. ಒಂದೇ ಕಡೆ ತಿರುಗಿಸುತ್ತಾ ಹೋದರೆ ಎಲೆಗಳ ಆಚೆಗಿನ ಹಾಸು ಹುರಿಗಟ್ಟಿ ನಿಂತುಬಿಡುತ್ತೆ. ನಾನು ಒಂದು ಸಂಜೆ ಮೊಬೈಲ್ ನೋಡ್ತಾ ಲೆಕ್ಕ ತಪ್ಪಿ, ಗೇಣುದ್ದ ಬಿಚ್ಚಿದೆ.

ಈ ನೇಯ್ಗೆಗೆ ಕಿತ್ತೂರಿನ ಹೆಸರು ಅಂಟಿಸಲು ನನಗೆ ಧೈರ್ಯವಿಲ್ಲ. ನಾರ್ವೆಯ ಓಸೆಬರ್ಗ್‌ನಲ್ಲಿ, ಕ್ರಿ.ಶ. 834ರಲ್ಲಿ ಇಬ್ಬರು ಹೆಂಗಸರನ್ನು ಹಡಗಿನ ಸಮೇತ ಹೂತ ದಿಬ್ಬವನ್ನು 1904ರಲ್ಲಿ ಅಗೆದಾಗ, ಅರ್ಧ ನೇಯ್ದ ಪಟ್ಟಿ ಬಿಲ್ಲೆಗಳ ಸಮೇತ ಸಿಕ್ಕಿತು. 52 ಬಿಲ್ಲೆ, ಒಂದು ಇಸ್ಪೀಟ್ ಕಟ್ಟಿನಷ್ಟೇ!

ಎರಡು ಬೆರಳಗಲದ ಕೆಂಪು-ಹಳದಿ ಪಟ್ಟಿ ಹಿಡಿದು ಊರಿಗೆ ಹೋದೆ. ಮೊದಲು ಇಬ್ಬರೂ ರಾಯಣ್ಣನ ಸಮಾಧಿಗೆ ನಡೆದೆವು. ಅಲ್ಲಿ, ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಒಪ್ಪಿಸಿದ ಮರದ ತೊಟ್ಟಿಲುಗಳು. "ರಾಯಣ್ಣ ಖರೇನ ಹತ್ತೀದ ಕಟ್ಟತಿದ್ದನ?" ಅಂತ ಅಲ್ಲಿ ಕೇಳಿದ. ಇರಬಹುದು ಅಂದೆ.

ಸಂಜೆ ಸ್ಟೇಜಿಗೆ ಬಂದಾಗ ನೋಡಿದರೆ, ನಡುವಿಗೆ ಅಜ್ಜನ ಹಳೇ ಧೋತರ ನಾಲ್ಕು ಸುತ್ತು. ಅದರ ಮೇಲೆ ನನ್ನ ರೇಷ್ಮೆ ಪಟ್ಟಿ.