ಬಹುಮಾಲಿಕರ ಕಟ್ಟಡದಲ್ಲಿ ಸಾಮಾನ್ಯ ಸ್ವತ್ತು: ಒಂದು ಚಾರಿತ್ರಿಕ ವಿಚಾರ

1

ಒಂದೇ ಕಟ್ಟಡದಲ್ಲಿ ಅನೇಕರು ಬೇರೆ ಬೇರೆ ಮನೆಗಳಿಗೆ ಒಡೆಯರಾಗಿದ್ದು, ನೆಲ, ಮೆಟ್ಟಿಲು, ಬಾವಿ, ಹಾದಿಗಳಲ್ಲಿ ಎಲ್ಲರೂ ಭಾಗಿಗಳಾಗಿರುವ ವ್ಯವಸ್ಥೆಯು ಇತ್ತೀಚಿನ ಮಹಾನಗರಗಳ ಸೃಷ್ಟಿಯೆಂದು ಭಾವಿಸುವುದು ವಾಡಿಕೆಯಾಗಿದೆ. ಕಟ್ಟಡದ ಮಟ್ಟಿಗೆ ಈ ಮಾತು ನಿಜ; ನ್ಯಾಯದ ಮಟ್ಟಿಗೆ ನಿಜವಲ್ಲ. ಇಲ್ಲಿ ಅಡಗಿರುವ ಪ್ರಶ್ನೆಗಳು ಎರಡು. ಹಂಚಲಾಗದ ಸ್ವತ್ತು ಯಾರದು ಎಂಬುದು ಮೊದಲನೆಯದು. ಅದನ್ನು ನೋಡಿಕೊಳ್ಳುವ ಸಂಘಕ್ಕೆ ಯಾವ ಅಧಿಕಾರವುಂಟು ಎಂಬುದು ಎರಡನೆಯದು. ಇವೆರಡನ್ನೂ ಕನ್ನಡ ನಾಡಿನ ನಿಬಂಧಕಾರನೊಬ್ಬನು ಒಂಬತ್ತು ಶತಮಾನಗಳಷ್ಟು ಹಿಂದೆಯೇ ವಿಚಾರ ಮಾಡಿದ್ದನು. ಇವೆರಡನ್ನೂ ಒಂದೇ ನೆಲೆಯಲ್ಲಿ ಜೋಡಿಸುವ ಕಾರ್ಯವನ್ನು ನಮ್ಮ ಕಾಲದ ಶಾಸನಗಳು ಪೂರ್ತಿಗೊಳಿಸಲಿಲ್ಲವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಮುಧೋಳ ತಾಲೂಕಿನ ಲೋಕಾಪುರದಂತಹ ಬಯಲುಸೀಮೆಯ ಊರುಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಪಡಸಾಲೆಯ ನಡುವೆ ಗೋಡೆ ಏಳುತ್ತದೆ, ಒಲೆಗಳು ಎರಡಾಗುತ್ತವೆ. ಆದರೆ ಹಿತ್ತಲಿನ ಬಾವಿಗೆ ನಡುಗೋಡೆ ಹಾಕಲು ಬರುವುದಿಲ್ಲ. ಹೊರಬಾಗಿಲಿಗೆ ಹೋಗುವ ಹಾದಿಯನ್ನು ಸೀಳಿದರೆ ಇಬ್ಬರಿಗೂ ನಡೆಯಲು ಎಡೆಯಿರುವುದಿಲ್ಲ. ಈ ತೊಡಕನ್ನು ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರಾ ವ್ಯಾಖ್ಯಾನದ ದಾಯವಿಭಾಗ ಪ್ರಕರಣದಲ್ಲಿ ವಿಚಾರಿಸಿರುವನು. ಬಾವಿ ಮೊದಲಾದ ಜಲಾಶಯಗಳನ್ನು ಬೆಲೆಕಟ್ಟಿ ಹಂಚತಕ್ಕದ್ದಲ್ಲ, ಸರದಿಯಂತೆ ಬಳಸತಕ್ಕದ್ದು. ಮನೆ ತೋಟಗಳಿಗೆ ಹೋಗಿ ಬರುವ ಹಾದಿಯೂ ಅವಿಭಾಜ್ಯವೇ ಎಂಬುದು ಅವನ ನಿರ್ಣಯದ ತಾತ್ಪರ್ಯ.

ಎರಡನೆಯ ಪ್ರಶ್ನೆಗೆ ಸಂಬಂಧಿಸಿದ್ದು ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ಸಂವಿದ್‌ವ್ಯತಿಕ್ರಮ ಪ್ರಕರಣ. ಎಂದರೆ ಸಮೂಹದ ಒಪ್ಪಂದವನ್ನು ಮೀರಿದವರ ವಿಚಾರ. ಗಣದ ದ್ರವ್ಯವನ್ನು ಅಪಹರಿಸಿದವನ ಸರ್ವಸ್ವವನ್ನೂ ಕಿತ್ತುಕೊಂಡು ರಾಜ್ಯದಿಂದ ಹೊರಗಟ್ಟಬೇಕೆಂದು ಅಲ್ಲಿ ವಿಧಿಸಿದೆ. ಸಮೂಹದ ಕಾರ್ಯವನ್ನು ನೋಡಿಕೊಳ್ಳುವವರು ಧರ್ಮಜ್ಞರೂ ಶುಚಿಗಳೂ ಲೋಭರಹಿತರೂ ಆಗಿರಬೇಕು; ಸಮೂಹಕ್ಕೆ ಹಿತವಾದುದನ್ನು ಹೇಳುವ ಅವರ ಮಾತನ್ನು ಉಳಿದವರು ನಡೆಸಬೇಕು. ಹೀಗೆ ಸದಸ್ಯನ ಕರ್ತವ್ಯದೊಡನೆ ಆಡಳಿತಗಾರನ ಅರ್ಹತೆಯನ್ನೂ ನಿಯಮಿಸಿದುದು ಗಮನಾರ್ಹವಾಗಿದೆ.

3

ಆಂಗ್ಲರ ಆಳಿಕೆಯಲ್ಲಿ ಬಂದ ಕಾನೂನುಗಳ ದೃಷ್ಟಿ ಬೇರೆಯಾಗಿತ್ತು. 1893ರ ವಿಭಜನೆಯ ಕಾಯಿದೆಯ ಪ್ರಕಾರ, ಹಂಚಲು ಅನುಕೂಲವಲ್ಲದ ಸ್ವತ್ತನ್ನು ನ್ಯಾಯಾಲಯವು ಮಾರಿಸಿ ಹಣವನ್ನು ಹಂಚಬಹುದಾಗಿತ್ತು. ಅಣ್ಣತಮ್ಮಂದಿರ ಮನೆಗೆ ಇದು ಹೇಗಾದರೂ ಹೊಂದೀತು. ನೂರು ಮನೆಗಳ ಕಟ್ಟಡದ ಮೆಟ್ಟಿಲಿಗೆ ಹೊಂದುವುದು ಹೇಗೆ?

ಪರಿಹಾರವು ಸಹಕಾರ ತತ್ತ್ವದ ಮೂಲಕ ಬಂದಿತು. 1904ರ ಸಹಕಾರಿ ಕಾಯಿದೆಯ ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಸ್ಥಾಪಿಸಿದುದು ವಿದಿತವೇ ಇದೆ. 1915ರಲ್ಲಿ ಕೆನರಾ ಕರಾವಳಿಯಿಂದ ಮುಂಬಯಿಗೆ ಹೋಗಿ ನೆಲಸಿದ ಸಾರಸ್ವತರು ಶ್ರೀಪಾದ ಸುಬ್ಬರಾವ ತಲ್ಮಕಿಯವರ ಮುಂದಾಳುತನದಲ್ಲಿ ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನು ಕಟ್ಟಿದರು. ಈ ಬಗೆಯ ವ್ಯವಸ್ಥೆಯಲ್ಲಿ ಕಟ್ಟಡವು ಸಂಘದ ಸ್ವತ್ತು. ಸದಸ್ಯನಿಗೆ ಇದ್ದುದು ಷೇರು ಮತ್ತು ವಾಸದ ಹಕ್ಕು. ಒಡೆತನವು ಒಂದೇ ಕೈಯಲ್ಲಿದ್ದುದರಿಂದ ವಿಭಜನೆಯ ಪ್ರಶ್ನೆಯೇ ಏಳಲಿಲ್ಲ. ಮುಧೋಳ, ಜಮಖಂಡಿ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಆ ಪ್ರದೇಶವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದಾಗ, ಮುಂಬಯಿಯ ಈ ಸಹಕಾರ ಪರಂಪರೆಯೂ ಅದರೊಡನೆ ಬಂದಿತು.

4

1972ರಲ್ಲಿ ಕರ್ನಾಟಕದ ವಿಧಾನಮಂಡಲವು ಒಂದೇ ವಿಷಯವನ್ನು ಕುರಿತು ಎರಡು ಕಾಯಿದೆಗಳನ್ನು ರಚಿಸಿತು. ತೊಡಕಿನ ಬೀಜವಿರುವುದು ಇಲ್ಲಿಯೇ. ಮೊದಲನೆಯದಾದ ಒಡೆತನದ ಫ್ಲ್ಯಾಟುಗಳ ಕಾಯಿದೆಯು ಮುಂಬಯಿಯ ಮಾರ್ಗವನ್ನು ಹಿಡಿಯಿತು. ಕಟ್ಟಿಸಿದವನು ಕೊಂಡವರ ಸಹಕಾರಿ ಸಂಘವನ್ನೋ ಕಂಪನಿಯನ್ನೋ ರಚಿಸಿ, ಹಕ್ಕನ್ನು ಅದಕ್ಕೆ ವರ್ಗಾಯಿಸಬೇಕೆಂದಿತು. ಎರಡನೆಯದಾದ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯು ಘೋಷಣಾಪತ್ರವನ್ನು ನೋಂದಾಯಿಸಿ ತನಗೆ ಒಳಪಟ್ಟ ವಾಸದ ಕಟ್ಟಡಗಳಿಗೆ ಮಾತ್ರ ಅನ್ವಯಿಸುವಂತಹದು. ಅದರಂತೆ ಪ್ರತಿಯೊಂದು ಮನೆಯೂ ವಾರಸಾಗಿ ಬರುವ, ಮಾರಬಹುದಾದ ಸ್ಥಿರಾಸ್ತಿ. ಸಾಮಾನ್ಯ ಪ್ರದೇಶಗಳಲ್ಲಿ ಪ್ರತಿಯೊಬ್ಬನಿಗೂ ಗೊತ್ತುಪಡಿಸಿದ ಶೇಕಡಾವಾರು ಅವಿಭಕ್ತ ಪಾಲು. ಆ ಪ್ರದೇಶವನ್ನು ಹಂಚಿಕೊಡೆಂದು ಕೇಳುವ ಹಕ್ಕು ಯಾರಿಗೂ ಇಲ್ಲ. ವಿಜ್ಞಾನೇಶ್ವರನ ಹಾದಿ-ಬಾವಿಗಳ ನ್ಯಾಯವೇ ಇಲ್ಲಿ ರಕ್ತಸಂಬಂಧವಿಲ್ಲದವರಿಗೂ ವಿಸ್ತರಿಸಿದಂತಾಯಿತು. ನಾನು ಮಾಳಿಗೆಯನ್ನು ಬಳಸುವುದಿಲ್ಲವೆಂದು ಹೇಳಿ ಸಾಮಾನ್ಯ ವೆಚ್ಚದ ಪಾಲಿನಿಂದ ತಪ್ಪಿಸಿಕೊಳ್ಳಲು ಬಾರದು; ಕೊಡದೆ ಉಳಿಸಿದ ಬಾಕಿಯು ಆ ಮನೆಯ ಮೇಲೆಯೇ ಬೋಜಾ ಆಗಿ ನಿಲ್ಲುತ್ತದೆ.

ವ್ಯವಹಾರದಲ್ಲಿ ಅನೇಕ ಕಟ್ಟಡಗಳ ನಿವಾಸಿಗಳು ಈ ಎರಡನ್ನೂ ಬಿಟ್ಟು, 1960ರ ಸಂಘಗಳ ನೋಂದಣಿ ಕಾಯಿದೆಯ ಕೆಳಗೆ ಸಂಘಗಳನ್ನು ಮಾಡಿಕೊಂಡರು. ಆ ಕಾಯಿದೆಯು ಮನೆಗಳ ಒಡೆತನಕ್ಕಾಗಿ ಹುಟ್ಟಿದುದಲ್ಲ. ಅಂತಹ ಸಂಘದ ಕಾರ್ಯಕಾರಿ ಮಂಡಲಿಯು ಬಾಕಿದಾರನಿಗೆ ನೋಟೀಸು ಕೊಡಬಲ್ಲುದು. ಅವನ ಮನೆಯ ಮೇಲೆ ಬೋಜಾ ಇರಿಸುವ ಬಲವನ್ನು ಆ ಕಾಯಿದೆಯಿಂದ ಪಡೆಯಲಾರದು.

ಕೇಂದ್ರ ಸರಕಾರದ 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯು ಕೊಳ್ಳುವವರಿಗೆ ದೊಡ್ಡ ರಕ್ಷಣೆಯನ್ನು ಒದಗಿಸಿತು. ಆದರೆ ಅದರ 17ನೆಯ ಕಲಮು ಮನೆಯನ್ನು ಕೊಂಡವನಿಗೂ, ಸಾಮಾನ್ಯ ಪ್ರದೇಶದ ಅವಿಭಕ್ತ ಹಕ್ಕನ್ನು ಕೊಂಡವರ ಸಂಘಕ್ಕೂ ಬರೆದುಕೊಡಬೇಕೆಂದು ವಿಧಿಸಿತು. ಅಪಾರ್ಟ್‌ಮೆಂಟ್ ಕಾಯಿದೆಯಂತೆ ಅದೇ ಹಕ್ಕು ಒಬ್ಬೊಬ್ಬ ಒಡೆಯನಲ್ಲಿ ಬಿಡಿಬಿಡಿಯಾಗಿ ನೆಲಸಿರುತ್ತದೆ. ಇದು ಕೇವಲ ಶಬ್ದಗಳ ಭೇದವಲ್ಲ. ಕಟ್ಟಡವು ಹಳೆಯದಾಗಿ, ಕೆಡವಿ ಮರಳಿ ಕಟ್ಟಬೇಕಾದ ದಿನ ನೆಲದ ಕಾಗದಕ್ಕೆ ಸಹಿ ಹಾಕುವವರು ಯಾರು? ಹಕ್ಕು ಸಂಘದ್ದಾದರೆ ಸಂಘದ ಠರಾವು ಮೂಲವಾಗುತ್ತದೆ; ಒಡೆಯರದ್ದಾದರೆ ಪ್ರತಿಯೊಬ್ಬನ ಒಪ್ಪಿಗೆಯೂ ಬೇಕಾಗುತ್ತದೆ. ಮೊದಲನೆಯ ಪಕ್ಷದಲ್ಲಿ ಅಲ್ಪಸಂಖ್ಯಾತರ ಮನೆಗೆ ಅಪಾಯ. ಎರಡನೆಯದರಲ್ಲಿ ಒಬ್ಬನ ಹಟದಿಂದ ಎಲ್ಲರ ತಲೆಯ ಮೇಲಿನ ಸೂರಿಗೆ ಅಪಾಯ.

5

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು. ಸಾಮಾನ್ಯ ಸ್ವತ್ತು ಅವಿಭಾಜ್ಯವೆಂಬ ತತ್ತ್ವವು ನಮ್ಮ ನ್ಯಾಯಪರಂಪರೆಗೆ ಹೊರಗಿನದಲ್ಲ. ಕೊರತೆಯಿರುವುದು ಆ ಸ್ವತ್ತಿನ ಒಡೆತನವನ್ನೂ ಆಡಳಿತವನ್ನೂ ಒಂದೇ ಶಾಸನದಲ್ಲಿ, ಒಂದೇ ಅರ್ಥದಲ್ಲಿ ನಿಲ್ಲಿಸುವುದರಲ್ಲಿ. ಈ ದಿಶೆಯಲ್ಲಿ ಮುಧೋಳ, ಜಮಖಂಡಿ ಭಾಗದ ಹಳೆಯ ಮನೆತನಗಳ ವಾಟಣಿ ಪತ್ರಗಳು ಸಂಶೋಧನೆಗೆ ಯೋಗ್ಯವಾದ ಸಾಮಗ್ರಿ. ಬಾವಿಯ ಸರದಿ, ಹಾದಿಯ ಅಗಲ, ನಡುಗೋಡೆಯ ದುರಸ್ತಿಯ ಖರ್ಚು ಇವುಗಳನ್ನು ಜನರು ತಾವಾಗಿಯೇ ಹೇಗೆ ಗೊತ್ತುಮಾಡಿಕೊಂಡರೆಂಬುದನ್ನು ಅಂತಹ ಪತ್ರಗಳಲ್ಲಿ ಅರಸಬೇಕು. ಇತಿಹಾಸದ ವಿದ್ಯಾರ್ಥಿಗಳು ಅವುಗಳನ್ನು ಕಲೆಹಾಕಿದರೆ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೂ ಉಪಕಾರವಾದೀತು.