ಪಾದಕ್ಷಾಲನೆ (ಕ್ರೈಸ್ತ ಧರ್ಮ)

ಪಾದಕ್ಷಾಲನೆ ಅಥವಾ ಪಾದ ತೊಳೆಯುವ ವಿಧಿಯು ಕ್ರೈಸ್ತ ಧರ್ಮದ ಹಲವು ಪಂಥಗಳಲ್ಲಿ ರೂಢಿಯಲ್ಲಿರುವ ಧಾರ್ಮಿಕ ಆಚರಣೆಯಾಗಿದೆ. ಯೇಸು ಕ್ರಿಸ್ತನು ತನ್ನ ಶಿಷ್ಯರ ಪಾದಗಳನ್ನು ತೊಳೆದ ಪ್ರಸಂಗವೇ ಇದರ ಮೂಲ. ಗುರುಸ್ಥಾನದಲ್ಲಿರುವವನು ಇತರರ ಸೇವಕನಾಗಬೇಕೆಂಬ ತತ್ತ್ವವನ್ನು ಇದು ಪ್ರತಿನಿಧಿಸುತ್ತದೆ.

ಬೈಬಲಿನಲ್ಲಿ

ಈ ಪ್ರಸಂಗವು ನಾಲ್ಕು ಸುವಾರ್ತೆಗಳ ಪೈಕಿ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಮಾತ್ರ ಬರುತ್ತದೆ. ಧೂಳಿನ ದಾರಿಯಲ್ಲಿ ನಡೆದು ಬಂದವರ ಕಾಲು ತೊಳೆಯುವುದು ಆ ಕಾಲದಲ್ಲಿ ಕೀಳು ದರ್ಜೆಯ ಕೆಲಸವೆನಿಸಿತ್ತು. ಸಾಮಾನ್ಯವಾಗಿ ಅದನ್ನು ಮನೆಯ ಆಳುಗಳು ಮಾಡುತ್ತಿದ್ದರು. ಭೋಜನದ ನಡುವೆ ಯೇಸು ಎದ್ದು, ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಆ ಕೆಲಸವನ್ನು ತಾನೇ ಮಾಡಿದನು. ಪೇತ್ರನು ಮೊದಲು ಇದನ್ನು ನಿರಾಕರಿಸಿದನು. ಸೇವೆ ಮಾಡುವುದಕ್ಕೆ ಮಾತ್ರವಲ್ಲ, ಸೇವೆಯನ್ನು ಸ್ವೀಕರಿಸುವುದಕ್ಕೂ ವಿನಯ ಬೇಕೆಂಬ ಅರ್ಥವನ್ನು ವ್ಯಾಖ್ಯಾನಕಾರರು ಇಲ್ಲಿ ಕಾಣುತ್ತಾರೆ. ತನಗೆ ದ್ರೋಹ ಬಗೆಯಲಿದ್ದ ಯೂದನು ಇನ್ನೂ ಪಂಕ್ತಿಯಲ್ಲಿದ್ದಾಗಲೇ ಯೇಸು ಈ ಸೇವೆ ಮಾಡಿದನು. ಆದುದರಿಂದ ಸೇವೆಯು ಯೋಗ್ಯರಿಗಷ್ಟೇ ಮೀಸಲಲ್ಲ ಎಂಬುದು ಇದರ ಮತ್ತೊಂದು ಮುಖ್ಯ ಬೋಧನೆ.

ಇತಿಹಾಸ

4ನೆಯ ಶತಮಾನದಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಹೊಸದಾಗಿ ದೀಕ್ಷಾಸ್ನಾನ ಪಡೆದವರ ಪಾದಗಳನ್ನು ತೊಳೆಯುವ ಪದ್ಧತಿಯನ್ನು ಸಮರ್ಥಿಸಿದನು. 6ನೆಯ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮವು ಇದನ್ನು ದೈನಂದಿನ ಬದುಕಿನೊಂದಿಗೆ ಜೋಡಿಸಿತು. ಅದರಂತೆ ಸನ್ಯಾಸಿಗಳು ಸರದಿಯ ಮೇಲೆ ಒಂದೊಂದು ವಾರ ಅಡುಗೆಮನೆಯ ಕೆಲಸ ಮಾಡಬೇಕಿತ್ತು. ವಾರ ಮುಗಿಸಿದವನು ಹಾಗೂ ಮುಂದಿನ ವಾರದವನು ಸೇರಿ ಎಲ್ಲರ ಪಾದಗಳನ್ನು ತೊಳೆಯಬೇಕಿತ್ತು. ಅತಿಥಿಗಳ ಪಾದಗಳನ್ನು ಮಠಾಧಿಪತಿಯೂ ತೊಳೆಯಬೇಕಿತ್ತು. ಬಡವರು ಮತ್ತು ಯಾತ್ರಿಕರ ಬಗ್ಗೆ ವಿಶೇಷ ಕಾಳಜಿ ವಹಿಸಬೇಕೆಂದೂ ಆ ನಿಯಮ ವಿಧಿಸುತ್ತದೆ.

ಆಚರಣೆ

ಕ್ಯಾಥೊಲಿಕ್ ಚರ್ಚುಗಳಲ್ಲಿ ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ಸಂಜೆ ಗುರುಗಳು ಭಕ್ತರಲ್ಲಿ ಕೆಲವರ ಪಾದಗಳನ್ನು ತೊಳೆಯುತ್ತಾರೆ. ಕರ್ನಾಟಕದ ಕ್ಯಾಥೊಲಿಕ್ ಚರ್ಚುಗಳಲ್ಲಿಯೂ ಈ ಆಚರಣೆಯಿದೆ. 1955ರ ಸುಧಾರಣೆಯಲ್ಲಿ ಪೋಪ್ 12ನೆಯ ಪಯಸ್ ಇದನ್ನು ಸಂಜೆಯ ಬಲಿಪೂಜೆಯೊಳಗೆ ಸೇರಿಸಲು ಅವಕಾಶ ನೀಡಿದರು. ನಿಯಮದ ಪ್ರಕಾರ ಪುರುಷರನ್ನು ಮಾತ್ರ ಆರಿಸಬೇಕಿತ್ತು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್ ನಗರದ ಬಾಲಾಪರಾಧಿಗಳ ಬಂದೀಖಾನೆಯಲ್ಲಿ ಯುವತಿಯರನ್ನೂ ಮುಸ್ಲಿಮರನ್ನೂ ಒಳಗೊಂಡ 12 ಮಂದಿಯ ಪಾದ ತೊಳೆದದ್ದು ಚರ್ಚೆಗೆ ಕಾರಣವಾಯಿತು. 2016ರ ಆದೇಶವು ಮಹಿಳೆಯರಿಗೂ ಅಧಿಕೃತವಾಗಿ ಅವಕಾಶ ಕಲ್ಪಿಸಿತು. ಸೆವೆಂತ್-ಡೇ ಅಡ್ವೆಂಟಿಸ್ಟರು ಪ್ರಭುಭೋಜನಕ್ಕೆ ಮುನ್ನ ಪರಸ್ಪರ ಪಾದ ತೊಳೆಯುತ್ತಾರೆ.

ದೈನಂದಿನ ಜೀವನದಲ್ಲಿ

ಯೇಸುವಿನ ಮಾತನ್ನು ಕೆಲವು ಪಂಥಗಳು ವಿಧಿಯ ಆಜ್ಞೆಯೆಂದೂ ಬಹುತೇಕ ಪ್ರೊಟೆಸ್ಟೆಂಟ್ ಪಂಥಗಳು ನಡತೆಯ ಮಾದರಿಯೆಂದೂ ಗ್ರಹಿಸಿವೆ. ಎರಡನೆಯ ದೃಷ್ಟಿಯಲ್ಲಿ ರೋಗಿಗಳ ಆರೈಕೆ, ವೃದ್ಧರ ಶುಶ್ರೂಷೆ, ಮನೆಯಲ್ಲಿ ಯಾರೂ ಗಮನಿಸದ ಕೆಲಸಗಳೂ ಪಾದಕ್ಷಾಲನೆಯೇ ಆಗಿವೆ. ವರ್ಷಕ್ಕೊಮ್ಮೆ ನಡೆಯುವ ವಿಧಿಯು ಉಳಿದ ದಿನಗಳ ನಡತೆಯಲ್ಲಿ ಕಾಣದಿದ್ದರೆ ಅದು ಕೇವಲ ಪ್ರದರ್ಶನವಾಗುತ್ತದೆ ಎಂಬ ವಿಚಾರದಲ್ಲಿ ಎರಡೂ ಪಕ್ಷಗಳಿಗೆ ಭಿನ್ನಾಭಿಪ್ರಾಯವಿಲ್ಲ.