ಪೆಟ್ಟಿಗೆಯೊಳಗಿನ ಹುಡುಗಿ

ಮನೆಯ ಹುಡುಗ ಇಸ್ಪೀಟಿನ ಎಲೆ ಮಾಯ ಮಾಡಿದರೆ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಅದೇ ಹುಡುಗ 'ಇದನ್ನೇ ಕಸುಬು ಮಾಡಿಕೊಳ್ಳುತ್ತೇನೆ' ಎಂದರೆ ಎದೆ ಧಸಕ್ಕೆನ್ನುತ್ತದೆ. 1891ರಲ್ಲಿ ನ್ಯೂಯಾರ್ಕಿನ ಸಿಸಿಲಿಯಾ ವೈಸ್‌ಗೂ ಹಾಗೇ ಆಗಿದ್ದೀತು. ಗಂಡ ಬಡ ಯೆಹೂದಿ ಪುರೋಹಿತ. ಹದಿನೇಳರ ಮಗ ಎರಿಕ್ ಟೈ ತಯಾರಿಸುವ ಕಾರ್ಖಾನೆಯ ಕೆಲಸ ಬಿಟ್ಟು ಜಾದೂಗಾರನಾಗಲು ಹೊರಟ. ಫ್ರಾನ್ಸಿನ ಹಿರಿಯ ಜಾದೂಗಾರ ರಾಬರ್ಟ್ ಹೂಡಿನ್ ಮೇಲಿನ ಅಭಿಮಾನದಿಂದ 'ಹೂಡಿನಿ' ಎಂದು ಹೆಸರಿಟ್ಟುಕೊಂಡ.

ಹೆಸರೇನೋ ಆಯಿತು, ವೇದಿಕೆ ಬೇಕಲ್ಲ! ದೊಡ್ಡ ನಾಟಕಶಾಲೆಗಳು ಕರೆಯಲಿಲ್ಲ. ಸಿಕ್ಕಿದ್ದು ಬಿಯರ್ ಹಾಲುಗಳು, ಹತ್ತು ಸೆಂಟಿನ ಟಿಕೆಟ್ಟಿನ 'ಡೈಮ್ ಮ್ಯೂಸಿಯಂ'ಗಳು. ವಿಚಿತ್ರ ವಸ್ತು, ವಿಚಿತ್ರ ಮನುಷ್ಯರ ನಡುವೆ ಒಮ್ಮೊಮ್ಮೆ ದಿನಕ್ಕೆ 20 ಆಟ. ಮರುವರ್ಷ ತಂದೆಯೂ ತೀರಿಕೊಂಡರು. 1893ರಲ್ಲಿ ಷಿಕಾಗೋದ ವಿಶ್ವಮೇಳದವರೆಗೂ ಅವಕಾಶ ಹುಡುಕಿಕೊಂಡು ಹೋದ.

1894ರಲ್ಲಿ ಬೆಸ್ ಎಂಬ ಹದಿನೆಂಟರ ಹುಡುಗಿಯನ್ನು ಮದುವೆಯಾದ. ಆಕೆಯೂ ವೇದಿಕೆಯಲ್ಲಿ ಹಾಡಿ ಕುಣಿಯುತ್ತಿದ್ದವಳೇ. ಅಲ್ಲಿಯವರೆಗೆ ತಮ್ಮ ಮಾಡುತ್ತಿದ್ದ ಪಾತ್ರ ಈಗ ಬೆಸ್‌ಗೆ ಬಂತು. ಹೂಡಿನಿಯ ಕೈ ಕಟ್ಟಿ, ಚೀಲದಲ್ಲಿಟ್ಟು, ಪೆಟ್ಟಿಗೆಗೆ ಬೀಗ ಹಾಕುವರು. ಬೆಸ್ ಪರದೆ ಎಳೆದು ಚಪ್ಪಾಳೆ ತಟ್ಟುವಳು. ಮೂರನೆಯ ಚಪ್ಪಾಳೆಗೆ ಹೂಡಿನಿ ಹೊರಗೆ. ಬೀಗ ಹಾಕಿದ ಪೆಟ್ಟಿಗೆಯೊಳಗಿನ ಚೀಲದಲ್ಲಿ ಬೆಸ್!

ಮ್ಯೂಸಿಯಂ, ಸರ್ಕಸ್ಸುಗಳಲ್ಲಿ ಹೀಗೆ ಐದು ವರ್ಷ ಸವೆದ ಮೇಲೆ, 1899ರಲ್ಲಿ ಮಾರ್ಟಿನ್ ಬೆಕ್ ಎಂಬ ರಂಗವ್ಯವಸ್ಥಾಪಕನ ಕಣ್ಣು ಹೂಡಿನಿಯ ಮೇಲೆ ಬಿತ್ತು. ದೊಡ್ಡ ವೇದಿಕೆಗಳ ಬಾಗಿಲು ಆಗ ತೆರೆಯಿತು. ಲೋಕ ನೆನೆಯುವುದು ಹೊರಬಂದವನನ್ನು. ಉಸಿರು ಬಿಗಿಹಿಡಿದು ಒಳಹೊಕ್ಕವಳನ್ನೂ ನಾವು ನೆನೆಯೋಣ.